ಅಮೆರಿಕದ ರೈಲು ಕಂಪನಿಗಳು ಖಾಸಗಿ ಅಲ್ವಾ? ಜಮೀನು ತಗೊಳ್ಳೋ, ಪೊಲೀಸ್ ಇಟ್ಟುಕೊಳ್ಳೋ ಅಧಿಕಾರ ಅವಕ್ಕೆ ಹೇಗೆ ಬಂತು?

ಅಮೆರಿಕದ ರೈಲು ಕಂಪನಿಗಳು ಖಾಸಗಿಯಾಗಿದ್ದರೂ ಜನರ ಜಮೀನನ್ನು ಬಲವಂತವಾಗಿ ತಗೊಳ್ಳಬಹುದು, ಸ್ವಂತ ಪೊಲೀಸರನ್ನು ಇಟ್ಟುಕೊಳ್ಳಬಹುದು ಅಂತ ಕೇಳಿದ್ದೀರಿ, ಇದು ನಿಜಾನಾ ಅನ್ನೋದು ನಿಮ್ಮ ಪ್ರಶ್ನೆ. ಎರಡೂ ನಿಜ. ನಾನು ವಕೀಲನಲ್ಲ, ಓಹಾಯೋದಲ್ಲಿ ಹಳಿ ಹಾದುಹೋಗುವ ಊರಿನಲ್ಲಿರುವವನು, ಆಸಕ್ತಿಯಿಂದ ಇದನ್ನೆಲ್ಲ ಓದಿಕೊಂಡಿದ್ದೇನೆ. ನನ್ನನ್ನು ಕೇಳಿದರೆ ಈ ಎರಡಕ್ಕಿಂತ ದೊಡ್ಡದು ಮೂರನೆಯದೊಂದಿದೆ. ಅದು ಆಮೇಲೆ.

ಮೊದಲು ಜಮೀನು. ನಮ್ಮ ಕರ್ನಾಟಕದಲ್ಲಿ ಕಾರ್ಖಾನೆಗೆ ಜಮೀನು ಬೇಕಾದರೆ ಕೆಐಎಡಿಬಿ ಎಂಬ ರಾಜ್ಯ ಸರ್ಕಾರದ ಮಂಡಳಿ ನಡುವೆ ಬರುತ್ತೆ, ನೋಟಿಸು ಸರ್ಕಾರದ ಹೆಸರಿನಲ್ಲೇ ಬರುತ್ತೆ. ಅಮೆರಿಕದಲ್ಲಿ ಎಷ್ಟೋ ರಾಜ್ಯಗಳ ಕಾನೂನು ಆ ಅಧಿಕಾರವನ್ನು ನೇರವಾಗಿ ರೈಲು ಕಂಪನಿಗೇ ಕೊಟ್ಟಿದೆ. ಮಾಲೀಕರು ಮಾತುಕತೆಗೆ ಬಗ್ಗದಿದ್ದರೆ ಕಂಪನಿಯೇ ಕಾನೂನಿನ ದಾರಿ ಹಿಡಿದು, ಬೆಲೆ ಕಟ್ಟಿಸಿ ಜಮೀನು ಪಡೆಯಬಹುದು. ಸಂವಿಧಾನದ 5ನೇ ತಿದ್ದುಪಡಿ ಎರಡು ಷರತ್ತು ಹಾಕುತ್ತದೆ: ಸಾರ್ವಜನಿಕ ಉಪಯೋಗ ಇರಬೇಕು, ನ್ಯಾಯವಾದ ಪರಿಹಾರ ಕೊಡಬೇಕು.

ಜಗಳ ಹತ್ತುವುದು ಮೊದಲನೆಯದರಲ್ಲಿ. ಜಾರ್ಜಿಯಾದ ಸ್ಪಾರ್ಟಾ ಎಂಬ ಸಣ್ಣ ಊರಿನ ಹತ್ತಿರ ಸ್ಯಾಂಡರ್ಸ್‌ವಿಲ್ ರೈಲ್‌ರೋಡ್ ಕಂಪನಿ ಸುಮಾರು 4.5 ಮೈಲಿಯ ಕವಲು ಹಳಿ ಹಾಕಲು ಹೊರಟಿತು. ದಾರಿಯಲ್ಲಿ ಸಿಕ್ಕಿದ್ದು ತಲೆಮಾರುಗಳಿಂದ ಕಪ್ಪು ಜನರ ಕುಟುಂಬಗಳು ಉಳಿಸಿಕೊಂಡು ಬಂದ ಜಮೀನು. ಇದು ಒಂದು ಕಲ್ಲು ಕ್ವಾರಿಗೂ ನಾಲ್ಕಾರು ಗಿರಾಕಿಗಳಿಗೂ ಮಾಡಿಕೊಡುವ ಅನುಕೂಲ, ಊರಿಗೇನು ಉಪಯೋಗ ಅಂತ ಆ ಕುಟುಂಬದವರು ವಾದಿಸಿದರು. 2024ರಲ್ಲಿ ಇಂಥ ಅರ್ಜಿಗಳನ್ನು ತೀರ್ಮಾನಿಸುವ ರಾಜ್ಯದ ಆಯೋಗ ಕಂಪನಿಯ ಪರ ನಿಂತಿತು. ಹಳಿ ಅಂದರೆ ಸಾರ್ವಜನಿಕ ಉಪಯೋಗ ಅನ್ನುವ 19ನೇ ಶತಮಾನದ ನಂಬಿಕೆ ಇನ್ನೂ ಗಟ್ಟಿಯಾಗಿದೆ. ನನಗಂತೂ ಇದು ಸರಿ ಕಾಣಲ್ಲ.

ಆ ನಂಬಿಕೆ ಎಷ್ಟು ಧಾರಾಳವಾಗಿತ್ತು ಅಂದರೆ, 1862ರ ಪೆಸಿಫಿಕ್ ರೈಲ್ವೆ ಕಾಯ್ದೆಯನ್ನು ಓದಿದರೆ ತಲೆ ತಿರುಗುತ್ತೆ. ಯೂನಿಯನ್ ಪೆಸಿಫಿಕ್, ಸೆಂಟ್ರಲ್ ಪೆಸಿಫಿಕ್ ಕಂಪನಿಗಳಿಗೆ ಸರ್ಕಾರಿ ಭೂಮಿಯ ಮೇಲೆ ಹಳಿಯ ಎರಡೂ ಬದಿ 200 ಅಡಿ ಜಾಗ. ಪಕ್ಕದಲ್ಲಿ ಸಿಗುವ ಮಣ್ಣು, ಕಲ್ಲು, ಮರ ಬಳಸಿಕೊಳ್ಳುವ ಹಕ್ಕು. ಇದರ ಮೇಲೆ, ಹಾಕಿದ ಪ್ರತಿ ಮೈಲಿಗೆ 640 ಎಕರೆಯ 10 ತುಂಡು ಜಮೀನು ಪುಕ್ಕಟೆ. ಚದುರಂಗದ ಮಣೆ ತರಹ ಒಂದು ತುಂಡು ಕಂಪನಿಗೆ, ಪಕ್ಕದ್ದು ಸರ್ಕಾರಕ್ಕೆ. 1864ರಲ್ಲಿ ಈ 10 ಅನ್ನು 20 ಮಾಡಿದರು. ಖನಿಜವಿರುವ ಜಮೀನು ಕೊಡುವಂತಿಲ್ಲ ಅಂತ ಮೊದಲೇ ಬರೆದಿತ್ತು. 1864ರ ತಿದ್ದುಪಡಿ ಬಂದು, ಆ ಮಾತಿಗೆ ಕಲ್ಲಿದ್ದಲು, ಕಬ್ಬಿಣ ಸೇರುವುದಿಲ್ಲ ಅಂದಿತು! ರೈಲು ಆಗ ಓಡುತ್ತಿದ್ದುದೇ ಸೌದೆಯನ್ನೋ ಕಲ್ಲಿದ್ದಲನ್ನೋ ಉರಿಸಿ. 1850ರಿಂದ 1871ರವರೆಗೆ ಕೇಂದ್ರ ಸರ್ಕಾರ ರೈಲಿಗಾಗಿ ಹಂಚಿದ್ದು ಸುಮಾರು 13 ಕೋಟಿ ಎಕರೆ. ಎರಡೂವರೆ ಕರ್ನಾಟಕಕ್ಕಿಂತ ಜಾಸ್ತಿ.

ಹಳಿ ಹಾಕಲು ಸರ್ಕಾರ ಈ ಕಂಪನಿಗಳಿಗೆ ಕೊಟ್ಟ ಸಾಲದ ಕಥೆ ಇನ್ನೂ ಮಜವಾಗಿದೆ. ಬಯಲಲ್ಲಿ ಮೈಲಿಗೆ 16,000 ಡಾಲರ್, ಬೆಟ್ಟದಲ್ಲಿ 48,000. ಹಾಗಾದರೆ ಬೆಟ್ಟ ಎಲ್ಲಿಂದ ಶುರು? ಸಿಯೆರಾ ನೆವಾಡಾದ ಬುಡ ಸ್ಯಾಕ್ರಮೆಂಟೊ ಊರಿನ ಹತ್ತಿರದ ಆರ್ಕೇಡ್ ಕ್ರೀಕ್ ಎಂಬ ಹಳ್ಳದ ಬಳಿಯೇ ಅಂತ ಅಧ್ಯಕ್ಷ ಲಿಂಕನ್ ತೀರ್ಮಾನ ಕೊಟ್ಟರು. ಅಲ್ಲಿ ನೆಲ ಇನ್ನೂ ಸಮತಟ್ಟು. ಅಲ್ಲಿಂದಲೇ ಬೆಟ್ಟದ ರೇಟು ಸಿಕ್ಕಿತು.

ಆದರೆ ಎಲ್ಲವೂ ಕಂಪನಿಯ ಸ್ವಂತವಲ್ಲ. 1875ರ ಕಾಯ್ದೆಯಡಿ ಹಳಿಗೆ ಸಿಕ್ಕ ಜಾಗದ ಬಗ್ಗೆ 2014ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿದೆ. ಅದು ಬರೀ ದಾರಿಯ ಹಕ್ಕು, ರೈಲು ನಿಂತು ಹಳಿ ಕಿತ್ತ ಮೇಲೆ ಆ ಹಕ್ಕು ಮುಗಿಯಿತು, ಜಮೀನು ಅದರ ಮಾಲೀಕನದೇ.

ಪೊಲೀಸರ ವಿಷಯ ಸುಲಭ. ನಮ್ಮ ಆರ್‌ಪಿಎಫ್‌ನವರು ಕೇಂದ್ರ ಸರ್ಕಾರದ ನೌಕರರು. ಅಲ್ಲಿನ ರೈಲು ಪೊಲೀಸರಿಗೆ ಸಂಬಳ ಕಂಪನಿಯದು, ಅಧಿಕಾರ ಕೊಡುವುದು ರಾಜ್ಯ. ಬಂದೂಕು ಹಿಡಿಯಬಹುದು, ಬಂಧಿಸಲೂಬಹುದು. ಪೆನ್ಸಿಲ್ವೇನಿಯಾದಲ್ಲಿ ಇದಕ್ಕೆ 1865ರಲ್ಲೇ ಕಾನೂನು ಬಂತು. ಒಂದು ರಾಜ್ಯದಲ್ಲಿ ಅಧಿಕಾರ ಪಡೆದವನು ಕಂಪನಿಯ ಹಳಿ ಇರುವ ಬೇರೆ ರಾಜ್ಯದಲ್ಲೂ ಅದನ್ನು ಚಲಾಯಿಸಲು ಕೇಂದ್ರದ ಕಾನೂನು ಅವಕಾಶ ಕೊಟ್ಟಿದೆ.

ಈಗ ಮೂರನೆಯದು. ಅದು ಸ್ಥಳೀಯ ಕಾನೂನಿನ ಕೈಗೆ ಸಿಗದಿರುವ ಶಕ್ತಿ. 1995ರ ಕಾಯ್ದೆ ರೈಲು ಸಾಗಾಟದ ಮೇಲಿನ ಹಿಡಿತವನ್ನು ಸರ್ಫೇಸ್ ಟ್ರಾನ್ಸ್‌ಪೋರ್ಟೇಶನ್ ಬೋರ್ಡ್ ಎಂಬ ಕೇಂದ್ರ ಸಂಸ್ಥೆಗೆ ಕೊಟ್ಟು, ರಾಜ್ಯ ಮತ್ತು ನಗರಸಭೆಗಳನ್ನು ಬಹುಮಟ್ಟಿಗೆ ದೂರ ಇಟ್ಟಿತು. ಇದರ ಬಿಸಿ ನನಗೆ ತಟ್ಟುವುದು ಲೆವೆಲ್ ಕ್ರಾಸಿಂಗಿನಲ್ಲಿ. ಮೈಲಿಗಟ್ಟಲೆ ಉದ್ದದ ಗೂಡ್ಸ್ ಗಾಡಿ ರಸ್ತೆಗೆ ಅಡ್ಡ ಬಂದು ನಿಂತುಬಿಡುತ್ತೆ. ಕೆಂಪು ದೀಪ ಮಿಣುಕುತ್ತಿರುತ್ತೆ, ಗಂಟೆ ಹೊಡೀತಾನೇ ಇರುತ್ತೆ, ಹಿಂದೆ ಸ್ಕೂಲ್ ಬಸ್ಸು, ಅದರ ಹಿಂದೆ ಇನ್ನೊಂದಿಷ್ಟು ಕಾರು. ಕೆಲವರು ಯು ಟರ್ನ್ ಹೊಡೆದು ಹೋಗ್ತಾರೆ, ಉಳಿದವರು ಸುಮ್ನೆ ಇಂಜಿನ್ ಆಫ್ ಮಾಡಿ ಕೂರ್ತಾರೆ.

ನಿಂತ ಗಾಡಿ 5 ನಿಮಿಷಕ್ಕಿಂತ ಜಾಸ್ತಿ ರಸ್ತೆ ಕಟ್ಟಿದರೆ ದಂಡ ಅಂತ ಓಹಾಯೋದಲ್ಲಿ ಕಾನೂನೇ ಇತ್ತು. ಸಿಎಸ್‌ಎಕ್ಸ್ ಎಂಬ ರೈಲು ಕಂಪನಿ ಇದನ್ನು ಕೋರ್ಟಿನಲ್ಲಿ ಪ್ರಶ್ನಿಸಿತು. 2022ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಕೇಂದ್ರದ ಕಾನೂನಿನ ಮುಂದೆ ಇದು ನಿಲ್ಲಲ್ಲ ಅಂದಿತು. 2024ರ ಜನವರಿಯಲ್ಲಿ ದೇಶದ ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಸರಿ, ಇಷ್ಟೇ ಹೊತ್ತು ನಿಲ್ಲಬಹುದು ಅಂತ ಕೇಂದ್ರದ ನಿಯಮವಾದರೂ ಇದೆಯಾ ಅಂದರೆ ಅದೂ ಇಲ್ಲ. ಫೆಡರಲ್ ರೈಲ್‌ರೋಡ್ ಅಡ್ಮಿನಿಸ್ಟ್ರೇಷನ್ ಎಂಬ ಕೇಂದ್ರ ಸಂಸ್ಥೆಯ ವೆಬ್‌ಸೈಟಿನಲ್ಲಿ ದೂರು ಬರೆಯಬಹುದು, ಅಷ್ಟೇ. ಜಮೀನು ತಗೊಂಡರೆ ಪರಿಹಾರವಾದರೂ ಸಿಗುತ್ತೆ. ಇಲ್ಲಿ ಕಳೆದುಕೊಂಡ ಹೊತ್ತಿಗೆ ಏನೂ ಇಲ್ಲ.

ಇಷ್ಟೆಲ್ಲ ಅಧಿಕಾರಕ್ಕೆ ಬದಲಾಗಿ ಕಂಪನಿಗಳ ಮೇಲೆ ಹೊರೆಯೂ ಇದೆ. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತೆ. ಆ ಬೋರ್ಡಿನ ಅಪ್ಪಣೆ ಇಲ್ಲದೆ ನಷ್ಟದ ಮಾರ್ಗವನ್ನೂ ಕೈಬಿಡುವಂತಿಲ್ಲ. ಯಾರೇ ಸರಕು ತಂದು ಸರಿಯಾದ ಬೇಡಿಕೆ ಇಟ್ಟರೂ ಒಯ್ಯಬೇಕು, ಲಾರಿ ಕಂಪನಿ ತರಹ ಆಗಲ್ಲ ಅನ್ನುವ ಹಾಗಿಲ್ಲ. ಕ್ಲೋರಿನ್‌ನಂತಹ ವಿಷದ ಟ್ಯಾಂಕರಿಗೂ ಇದೇ ನಿಯಮ. ಒಂದು ಅಪಘಾತವಾದರೆ ಕಂಪನಿಯೇ ಮುಳುಗುತ್ತೆ, ಈ ಹೊರೆ ಕಮ್ಮಿ ಮಾಡಿ ಅಂತ ಅವರು ಕೇಳಿಕೊಂಡದ್ದೂ ಉಂಟು. 2023ರ ಫೆಬ್ರವರಿಯಲ್ಲಿ ಇದೇ ಓಹಾಯೋದ ಈಸ್ಟ್ ಪ್ಯಾಲೆಸ್ಟೀನ್‌ನಲ್ಲಿ ನಾರ್ಫೋಕ್ ಸದರ್ನ್ ಗಾಡಿ ಹಳಿ ತಪ್ಪಿದಾಗ ಅದರಲ್ಲಿ ವಿನೈಲ್ ಕ್ಲೋರೈಡ್ ಟ್ಯಾಂಕರುಗಳಿದ್ದವು. ಅಂಥ ಸರಕು ಬೇಡ ಅನ್ನುವ ಸ್ವಾತಂತ್ರ್ಯ ಕಂಪನಿಗಿಲ್ಲ, ನಮ್ಮೂರಿನಿಂದ ಒಯ್ಯಬೇಡಿ ಅನ್ನುವ ಅಧಿಕಾರ ಊರಿಗೂ ಇಲ್ಲ.