700 ಡಾಲರ್‌ನಲ್ಲಿ ಜಿಂಕೆ ಬೇಟೆಗೆ ರೈಫಲ್, ಸ್ಕೋಪ್ ಎರಡೂ ಬರುತ್ತಾ?

ಬರುತ್ತೆ. ನೀವು ಕೇಳಿರೋದು ಇಷ್ಟು: ವಿಸ್ಕಾನ್ಸಿನ್‌ಗೆ ಬಂದು ಮೂರು ವರ್ಷ ಆಯ್ತು, ಎಚ್-1ಬಿ ಅನ್ನೋ ಅಮೆರಿಕದ ಕೆಲಸದ ವೀಸಾ, ಆಫೀಸಿನ ಗೆಳೆಯರು ನವೆಂಬರ್‌ನಲ್ಲಿ ಜಿಂಕೆ ಬೇಟೆಗೆ ಕರೀತಿದಾರೆ, ಕೈಯಲ್ಲಿ 700 ಡಾಲರ್ ಇದೆ, ಯಾವ ರೈಫಲ್, ಯಾವ ಸ್ಕೋಪ್ ಅಂತ. ನಾನು ಕೊಡಗಿನವನು, ಮ್ಯಾಡಿಸನ್ ಹತ್ರ ಇದೀನಿ, ಎಂಟು ಸೀಸನ್ ಕಾಡಲ್ಲಿ ಕೂತಿದೀನಿ. ರೈಫಲ್‌ಗೆ ಜಾಸ್ತಿ ದುಡ್ಡು ಹಾಕ್ಬೇಡಿ, ಸ್ಕೋಪ್‌ಗೆ (ಗುರಿ ನೋಡೋಕೆ ರೈಫಲ್ ಮೇಲೆ ಕೂರಿಸೋ ದುರ್ಬೀನು), ಅದನ್ನ ಹಿಡಿದಿಡೋ ರಿಂಗ್‌ಗೆ, ಪ್ರಾಕ್ಟೀಸ್ ಗುಂಡಿಗೆ ಉಳಿಸಿ ಅನ್ನೋದೇ ನನ್ನ ಉತ್ತರ. ಯಾಕೆ ಅಂತ ಕೆಳಗೆ ಬರೀತೀನಿ.

ಆದ್ರೆ ರೈಫಲ್‌ಗಿಂತ ಮುಂಚೆ ವೀಸಾ ವಿಷಯ, ಇದನ್ನ ದಯವಿಟ್ಟು ಬಿಟ್ಟು ಓದ್ಬೇಡಿ. ಗ್ರೀನ್ ಕಾರ್ಡ್ ಇರೋರಿಗೆ ತೊಂದರೆ ಇಲ್ಲ, ಆದ್ರೆ ಎಚ್-1ಬಿ, ಎಲ್-1, ಎಫ್-1 ಥರದ ವೀಸಾದಲ್ಲಿ ಬಂದಿರೋರು ಕೋವಿ ಆಗ್ಲಿ ಗುಂಡಾಗ್ಲಿ ಇಟ್ಕೊಳ್ಳೋದು ಇಲ್ಲಿನ ಫೆಡರಲ್ ಕಾನೂನಲ್ಲಿ ಫೆಲನಿ, ಅಂದ್ರೆ ಗಂಭೀರ ಅಪರಾಧ. ನಮ್ಮಂಥವರಿಗೆ ಅದರಿಂದ ವಿನಾಯಿತಿ ಸಿಗೋದು ಯಾವುದಾದ್ರೂ ರಾಜ್ಯ ಕೊಟ್ಟಿರೋ, ಅವಧಿ ಮುಗಿಯದ ಹಂಟಿಂಗ್ ಲೈಸೆನ್ಸ್ ಇದ್ರೆ. ಅಂದ್ರೆ ಮೊದಲು ಲೈಸೆನ್ಸ್, ಆಮೇಲೆ ಅಂಗಡಿ. ಲೈಸೆನ್ಸ್ ಇಲ್ದೆ ಗೆಳೆಯನ ರೈಫಲ್‌ನ ರೇಂಜಲ್ಲಿ ಸುಮ್ನೆ ಒಂದು ಸಲ ಹೊಡೆದು ನೋಡೋದೂ ಬೇಡ, ಅದೂ ಲೆಕ್ಕಕ್ಕೆ ಬರುತ್ತೆ. ಅಂಗಡೀಲಿ 4473 ಅನ್ನೋ ಫಾರ್ಮ್ ತುಂಬಿಸ್ತಾರೆ, ಅದರಲ್ಲಿ ವೀಸಾ ಬಗ್ಗೆ ನೇರ ಪ್ರಶ್ನೆ ಇದೆ, ಇದ್ದಿದ್ದನ್ನ ಇದ್ದ ಹಾಗೆ ಬರೆದು ಲೈಸೆನ್ಸ್ ತೋರಿಸಿ. ಇನ್ನೊಂದು, ವಿಸ್ಕಾನ್ಸಿನ್ ಲೈಸೆನ್ಸ್ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತೆ. ಏಪ್ರಿಲ್ 1ರ ಬೆಳಿಗ್ಗೆ ಹೊಸ ಲೈಸೆನ್ಸ್ ಇಲ್ಲದೆ ರೈಫಲ್ ನಿಮ್ಮ ಬೀರುವಲ್ಲಿದ್ರೆ ವಿನಾಯಿತಿ ಹೋಯ್ತು. ಹಾಗಾಗಿ ಮುಂದಿನ ವರ್ಷದ್ದನ್ನ ಮಾರ್ಚ್‌ನಲ್ಲೇ ತಗೊಂಡುಬಿಡಿ, ಫೋನಲ್ಲಿ ಅಲಾರಂ ಇಟ್ಕೊಳ್ಳಿ. ನಿಮ್ಮ ಇಮಿಗ್ರೇಶನ್ ವಕೀಲರಿಗೂ ಒಂದು ಇಮೇಲ್ ಹಾಕಿ ಖಾತ್ರಿ ಮಾಡ್ಕೊಳ್ಳಿ, ಗ್ರೀನ್ ಕಾರ್ಡ್ ಕ್ಯೂನಲ್ಲಿ ನಿಂತಿರೋ ಮನುಷ್ಯ ಒಂದು ಜಿಂಕೆಗೋಸ್ಕರ ಎಲ್ಲಾನೂ ಕಳ್ಕೊಳ್ಬಾರದು. ಇಲ್ಲಿ 1973ರ ಜನವರಿ 1 ಅಥವಾ ಅದಾದ ಮೇಲೆ ಹುಟ್ಟಿದೋರು ಲೈಸೆನ್ಸ್ ತಗೊಳ್ಳೋಕೆ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿರ್ಬೇಕು, ಅದನ್ನೂ ಲೆಕ್ಕಕ್ಕೆ ಹಿಡ್ಕೊಳ್ಳಿ.

ಈಗ ರೈಫಲ್. ಹಿಂದೆ ಕಮ್ಮಿ ಬೆಲೆ ರೈಫಲ್ ಅಂದ್ರೆ ಗುರಿ ಸರಿ ಇರಲ್ಲ ಅನ್ನೋ ಮಾತಿತ್ತು, ಈಗ ಹಾಗಿಲ್ಲ. ಸ್ಯಾವೇಜ್ ಆಕ್ಸಿಸ್, ರೂಗರ್ ಅಮೆರಿಕನ್, ಮಾಸ್‌ಬರ್ಗ್ ಪೇಟ್ರಿಯಟ್, ಇವೆಲ್ಲ ಕಳೆದ ಹದಿನೈದು ಹದಿನಾರು ವರ್ಷದಲ್ಲಿ ಬಂದ ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಕೈಯಲ್ಲೇ ಬೋಲ್ಟ್ ಎಳೆಯೋ) ರೈಫಲ್‌ಗಳು, ಸುಮಾರು 350ರಿಂದ 550 ಡಾಲರ್ ಒಳಗೆ ಸಿಗುತ್ತೆ, ನೋಡೋಕೆ ಚೆಂದ ಇಲ್ಲ, ಪ್ಲಾಸ್ಟಿಕ್ ಸ್ಟಾಕು, ಬೋಲ್ಟ್ ಎಳೆದ್ರೆ ಸ್ವಲ್ಪ ಗರಗರ ಅನ್ನುತ್ತೆ, ಆದ್ರೆ 100 ಗಜದಲ್ಲಿ ಒಂದೂವರೆ ಇಂಚಿನೊಳಗೆ ಮೂರು ಗುಂಡು ಕೂರಿಸೋದು ಇವಕ್ಕೆ ದೊಡ್ಡ ಕೆಲಸ ಅಲ್ಲ. ಜಿಂಕೆಯ ಎದೆಗೂಡಲ್ಲಿ ಹೃದಯ, ಶ್ವಾಸಕೋಶ ಇರೋ ಜಾಗ ಸುಮಾರು ಎಂಟಿಂಚು ಅಗಲ ಇರುತ್ತೆ, ಅದಕ್ಕೆ ಇಷ್ಟು ಸಾಕಾಗಿ ಮಿಗುತ್ತೆ. ಆಕ್ಸಿಸ್ ತಗೊಂಡ್ರೆ ಆಕ್ಯುಟ್ರಿಗರ್ ಅನ್ನೋ ಹಗುರ ಟ್ರಿಗರ್ ಇರೋದನ್ನೇ ತಗೊಳ್ಳಿ, ಹಳೇ ಸಾದಾ ಟ್ರಿಗರ್ ಬಿಗಿ, ಎಳೆಯೋವಾಗ ಗುರಿ ಅಲ್ಲಾಡುತ್ತೆ. ನನ್ನನ್ನ ಕೇಳಿದ್ರೆ ರೂಗರ್ ಅಮೆರಿಕನ್, ಅದರ ಟ್ರಿಗರ್‌ನ ನಾವೇ ಹಗುರ ಮಾಡ್ಕೋಬಹುದು, ನನ್ನ ಹತ್ರ ಈಗ ಇರೋದೂ ಅದೇ. ಎರಡನ್ನೂ ಅಂಗಡೀಲಿ ಭುಜಕ್ಕೆ ಇಟ್ಟು ನೋಡಿ, ದಪ್ಪ ಜಾಕೆಟ್ ಹಾಕ್ಕೊಂಡೇ ಹೋಗಿ, ಯಾಕಂದ್ರೆ ನವೆಂಬರ್‌ನಲ್ಲಿ ನೀವು ಹೊಡೆಯೋದು ಜಾಕೆಟ್ ಮೇಲೆ ಇಟ್ಕೊಂಡೇ. ಕೈಗೆ ಒಗ್ಗಿದ್ದನ್ನ ತಗೊಳ್ಳಿ.

ಸೆಕೆಂಡ್‌ಹ್ಯಾಂಡ್ ಕೂಡ ಒಳ್ಳೇದು, ಸೀಸನ್ ಮುಗಿದ ಮೇಲೆ ಅಂಗಡಿಗಳಲ್ಲಿ ಹಳೇ ರೈಫಲ್ ಸಾಲಾಗಿ ಬಂದು ನಿಲ್ತವೆ, ಆದ್ರೆ ಮೊದಲನೇ ರೈಫಲ್ ಆದ್ರೆ ನಳಿಗೆ ನೋಡಿ ಹೇಳೋಕೆ ಗೊತ್ತಿರೋರನ್ನ ಜೊತೇಲಿ ಕರ್ಕೊಂಡು ಹೋಗಿ. ಬ್ಲ್ಯಾಕ್ ಫ್ರೈಡೇ, ಅಂದ್ರೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೇ ದಿನದ ರಿಯಾಯ್ತಿಗೆ ಅಂತ ಕಾಯ್ಬೇಡಿ. ಇಲ್ಲಿನ ಒಂಬತ್ತು ದಿನದ ಗನ್ ಸೀಸನ್ ಥ್ಯಾಂಕ್ಸ್‌ಗಿವಿಂಗ್ ಹಿಂದಿನ ಶನಿವಾರ ಶುರುವಾಗುತ್ತೆ, ಬ್ಲ್ಯಾಕ್ ಫ್ರೈಡೇ ಬರೋ ಹೊತ್ತಿಗೆ ಏಳನೇ ದಿನ.

ಯಾವ ಕಾರ್ಟ್ರಿಜ್, ಅಂದ್ರೆ ಯಾವ ಅಳತೆಯ ಗುಂಡು ಅನ್ನೋ ಜಗಳ ಮುಗಿಯೋದೇ ಇಲ್ಲ, ನಾನು ಬೇಗ ಮುಗಿಸ್ತೀನಿ. .308 ವಿಂಚೆಸ್ಟರ್ ಅಥವಾ 6.5 ಕ್ರೀಡ್‌ಮೂರ್. ಎರಡಕ್ಕೂ ಸಣ್ಣ ಊರಿನ ಅಂಗಡೀಲೂ ಗುಂಡು ಸಿಗುತ್ತೆ, ಜಿಂಕೆಗೆ ಎರಡೂ ಧಾರಾಳ. .308 ಸ್ವಲ್ಪ ಜಾಸ್ತಿ ಒದೆಯುತ್ತೆ. ನಿಮ್ಮ ಮೈಕಟ್ಟು ಸಣ್ಣದಾಗಿದ್ರೆ .243 ಇನ್ನೂ ಮೆತ್ತಗೆ, 100 ಗ್ರೇನ್ ತೂಕದ ಗುಂಡು ಹಾಕಿ. .30-06, .270 ಯಾರಾದ್ರೂ ಕಮ್ಮಿಗೆ ಕೊಟ್ರೆ ಬೇಡ ಅನ್ಬೇಡಿ, ಎರಡೂ ನೂರು ವರ್ಷದಿಂದ ಜಿಂಕೆ ಹೊಡೀತಿರೋ ಕಾರ್ಟ್ರಿಜ್‌ಗಳು. ಜೋರಾಗಿ ಒದೆಯೋ ಮ್ಯಾಗ್ನಮ್ ಕಾರ್ಟ್ರಿಜ್ ಮಾತ್ರ ಬೇಡ, ಇಲ್ಲಿನ ಕಾಡಲ್ಲಿ ಜಿಂಕೆ ಸಿಗೋದು 100 ಗಜದೊಳಗೆ, ಭುಜಕ್ಕೆ ಹೆದರಿ ಟ್ರಿಗರ್ ಎಳೆಯೋವಾಗ ಕಣ್ಣು ಮುಚ್ಚೋ ಅಭ್ಯಾಸ ಬಂದ್ರೆ ಅದನ್ನ ಬಿಡಿಸೋದು ಬಹಳ ಕಷ್ಟ. ಮುಂದೆ ಓಹಾಯೋಗೆ ಕೆಲಸ ಬದಲಾಯಿಸೋ ಯೋಚನೆ ಇದ್ರೆ ಮೊದಲೇ ನೋಡ್ಕೊಳ್ಳಿ, ಅಲ್ಲಿ ಜಿಂಕೆಗೆ ರೈಫಲ್‌ಗಳಲ್ಲಿ .350 ಲೆಜೆಂಡ್ ಥರದ, ತುದಿಯಲ್ಲಿ ಕಿರಿದಾಗದ ನೇರ ಗೋಡೆಯ ಕಾರ್ಟ್ರಿಜ್ ಹಾಕೋದಕ್ಕೆ ಮಾತ್ರ ಅವಕಾಶ.

ಇನ್ನು ಸ್ಕೋಪ್. ನಾನು ಈ ಉತ್ತರ ಬರೆಯೋಕೆ ಕೂತಿದ್ದೇ ಇದಕ್ಕೋಸ್ಕರ.

ನಮ್ಮ ಮನೇಲಿ ತಾತನ ಕಾಲದ ಜೋಡು ನಳಿಗೆ ಕೋವಿ ಇದೆ, ಕೈಲ್ ಪೋದ್ (ಕೊಡಗಿನ ಆಯುಧ ಪೂಜೆ ಹಬ್ಬ) ದಿನ ಅದರ ನಳಿಗೆಗೆ ತೋಕ್ ಪೂ ಅನ್ನೋ ಹೂವು ಸಿಗಿಸಿ ಪೂಜೆ ಮಾಡ್ತಾರೆ, ಸಂಜೆ ತೆಂಗಿನಕಾಯಿಗೆ ಈಡು ಹೊಡೆಯೋ ಸ್ಪರ್ಧೆ. ಬೇಟೆ ನಾನು ಊರಲ್ಲಿ ಮಾಡಿದವನೇ ಅಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹುಟ್ಟಿದವನು ನಾನು. ಕೋವಿ ಅಂದ್ರೆ ಭಯ ಇರ್ಲಿಲ್ಲ, ಆದ್ರೆ ಸ್ಕೋಪ್ ಬಗ್ಗೆ ಏನೂ ಗೊತ್ತಿರ್ಲಿಲ್ಲ. ಇಲ್ಲಿ ಮೊದಲನೇ ಸಲ ರೈಫಲ್ ಜೊತೆ ಸ್ಕೋಪ್ ಸೇರಿಸಿ ಮಾರೋ ಕಾಂಬೋ ಪ್ಯಾಕ್ ತಗೊಂಡೆ. ಅಕ್ಟೋಬರ್‌ನಲ್ಲಿ ರೇಂಜಲ್ಲಿ ಹೊಡೆದಾಗ ಸರಿಯಾಗೇ ಇತ್ತು. ಎರಡನೇ ಸೀಸನ್, ಮೊದಲನೇ ದಿನ ಸಂಜೆ ಜೋಳದ ಹೊಲದ ಅಂಚಿಗೆ ಒಂದು ಹೆಣ್ಣು ಜಿಂಕೆ ಬಂತು, 90 ಗಜ ಇರ್ಬೇಕು, ಪಕ್ಕಕ್ಕೆ ತಿರುಗಿ ನಿಂತಿತ್ತು, ಉಸಿರು ಹಿಡಿದು ಹೊಡೆದೆ. ಬಿದ್ದಿದ್ದು ಎದೆಗಲ್ಲ, ಹೊಟ್ಟೆಗೆ. ಬೆನ್ನು ಗೂನಾಗಿಸಿ ಕಾಡೊಳಗೆ ಹೋಯ್ತು. ಹಿಮದ ಮೇಲೆ ರಕ್ತ ಇಷ್ಟಿಷ್ಟೇ, ಅದರಲ್ಲಿ ಹಸಿರು ಬಣ್ಣ ಬೆರೆತಿತ್ತು. ರಾತ್ರಿ ಹತ್ತರ ತನಕ ಟಾರ್ಚ್ ಹಿಡಿದು ಹುಡುಕಿದ್ವಿ, ಸಿಗ್ಲಿಲ್ಲ, ಬೆಳಿಗ್ಗೆ ಸಿಕ್ಕಿದಾಗ ಕೊಯೋಟಿಗಳು ಅರ್ಧ ತಿಂದಿದ್ವು. ಮುಂದಿನ ವಾರ ರೇಂಜಿಗೆ ಹೋಗಿ ಹೊಡೆದ್ರೆ ಗುಂಡು ಏಳಿಂಚು ಬಲಕ್ಕೆ ಬೀಳ್ತಿದೆ. ಸ್ಕೋಪಿನ ಹಿಂದಿನ ರಿಂಗ್ ಸ್ಕ್ರೂ ನನ್ನ ಬೆರಳ ತುದಿಯಲ್ಲೇ ತಿರುಗ್ತು. ರೈಫಲ್ ತಪ್ಪೇನೂ ಇರ್ಲಿಲ್ಲ. ಆ ಜಿಂಕೆ ರಾತ್ರಿಯಿಡೀ ನರಳಿದ್ದು ನಾನು ಆ ಸ್ಕ್ರೂ ಮುಟ್ಟಿ ನೋಡದೇ ಇದ್ದಿದ್ದಕ್ಕೆ, ಅದು ಇವತ್ತಿಗೂ ನನ್ನ ಮನಸ್ಸಲ್ಲಿದೆ.

ಹಾಗಾಗಿ ಕಾಂಬೋ ಬೇಡ, ರೈಫಲ್ ಬೇರೆ ಸ್ಕೋಪ್ ಬೇರೆ ತಗೊಳ್ಳಿ. 3-9×40 ಅನ್ನೋ ಅಳತೆ ಕೇಳಿ, ಅಂದ್ರೆ 3 ಪಟ್ಟಿಂದ 9 ಪಟ್ಟು ಹತ್ತಿರ ತೋರಿಸುತ್ತೆ, ಮುಂದಿನ ಗಾಜು 40 ಮಿ.ಮೀ. ವೋರ್ಟೆಕ್ಸ್ ಕ್ರಾಸ್‌ಫೈರ್ 2 ಸಾಮಾನ್ಯವಾಗಿ 200 ಡಾಲರ್ ಒಳಗೇ ಸಿಗುತ್ತೆ, ಕಂಪನಿ ನಮ್ಮ ಪಕ್ಕದ ಬಾರ್ನೆವೆಲ್ಡ್‌ನಲ್ಲೇ ಇದೆ, ಆಜೀವ ವಾರಂಟಿ, ರಸೀದಿ ಕೇಳಲ್ಲ, ಸೆಕೆಂಡ್‌ಹ್ಯಾಂಡ್ ಆದ್ರೂ ನಡೆಯುತ್ತೆ. ಇನ್ನೊಂದು 50-100 ಡಾಲರ್ ಹೊಂದಿಸೋಕಾದ್ರೆ ಲ್ಯೂಪೋಲ್ಡ್ ವಿಎಕ್ಸ್-ಫ್ರೀಡಮ್, ಅದು ಹಗುರ, ಮಬ್ಬಲ್ಲಿ ಇನ್ನೂ ಚೆನ್ನಾಗಿ ಕಾಣುತ್ತೆ. ಅದೇ ದುಡ್ಡಿಗೆ 6-24×50 ಅಂತ ದೊಡ್ಡದಾಗಿ ಕಾಣೋ ಸ್ಕೋಪ್ ಆನ್‌ಲೈನಲ್ಲಿ ಸಿಗುತ್ತೆ, ಆಸೆ ಪಡ್ಬೇಡಿ, ಅದರ ಕಮ್ಮಿ ಅಂದ್ರೆ ಕಮ್ಮಿ 6 ಪಟ್ಟು, 30 ಗಜದಲ್ಲಿ ಜಿಂಕೆ ಎದ್ದು ಬಂದ್ರೆ ಬರೀ ಕಂದು ಕೂದಲು ಕಾಣುತ್ತೆ, ಯಾವ ಭಾಗ ಅಂತ ಗೊತ್ತಾಗಲ್ಲ.

ಸಂಜೆ ಬೆಳಕಿನ ಲೆಕ್ಕ ಒಂದು ಹೇಳ್ತೀನಿ, ಇದನ್ನ ನನಗೆ ಮೊದಲೇ ಯಾರಾದ್ರೂ ಹೇಳಿದ್ರೆ ಚೆನ್ನಾಗಿತ್ತು. ಮುಂದಿನ ಗಾಜಿನ ಅಳತೆನ ಪಟ್ಟಿಂದ ಭಾಗಿಸಿ, ಕಣ್ಣಿಗೆ ಬರೋ ಬೆಳಕಿನ ವೃತ್ತದ ಅಗಲ ಸಿಗುತ್ತೆ. 40ನ್ನ 9ರಿಂದ ಭಾಗಿಸಿದ್ರೆ 4.4 ಮಿ.ಮೀ., 6ರಿಂದ ಭಾಗಿಸಿದ್ರೆ 6.7. ಕತ್ತಲಾಗ್ತಾ ಕಣ್ಣಿನ ಪಾಪೆ ಆರು ಏಳು ಮಿ.ಮೀ. ತನಕ ಅಗಲ ಆಗುತ್ತೆ, ಆಗ 9ರಲ್ಲಿ ಇಟ್ಕೊಂಡಿದ್ರೆ ಚಿತ್ರ ಮಂಕು, 6ಕ್ಕೆ ತಿರುಗಿಸಿದ ತಕ್ಷಣ ಹೊಲದಂಚು ಬೆಳಗಾದ ಹಾಗೆ ಕಾಣುತ್ತೆ. ನವೆಂಬರ್ ಕೊನೇಲಿ ಇಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗ್ತಾನೆ, ಜಿಂಕೆ ಹೊರಗೆ ಬರೋದೇ ಆ ಹೊತ್ತಿಗೆ.

ಸ್ಕೋಪ್ ಕೂರಿಸೋದನ್ನ ನೀವೇ ಮಾಡಿ. ರಿಂಗ್‌ಗೆ 30-40 ಡಾಲರ್ ಇಡಿ, ತೀರಾ ಅಗ್ಗದ್ದು ಬೇಡ. ಸ್ಕ್ರೂಗಳ ಮೇಲಿನ ಎಣ್ಣೆ ಜಿಡ್ಡನ್ನ ಆಲ್ಕೋಹಾಲಲ್ಲಿ ಒರೆಸಿ. ರೈಫಲ್ ಭುಜಕ್ಕಿಟ್ಟು ಕಣ್ಣು ಮುಚ್ಚಿ, ಕೆನ್ನೆ ಸರಿಯಾಗಿ ಕೂತ ಮೇಲೆ ಕಣ್ಣು ತೆಗೀರಿ, ಚಿತ್ರ ಪೂರ್ತಿ ಕಾಣೋ ತನಕ ಸ್ಕೋಪ್ ಹಿಂದೆ ಮುಂದೆ ಸರಿಸಿ, ಕಣ್ಣಿಗೂ ಸ್ಕೋಪಿಗೂ ಮೂರೂವರೆ ಇಂಚಿಗಿಂತ ಕಮ್ಮಿ ಆಗ್ಬಾರದು, ಇಲ್ಲಾಂದ್ರೆ ಹಿಂದಕ್ಕೆ ಒದ್ದಾಗ ಹುಬ್ಬು ಸೀಳುತ್ತೆ. ಆಮೇಲೆ ನಾಲ್ಕೂ ಸ್ಕ್ರೂನ ಸ್ವಲ್ಪ ಸ್ವಲ್ಪವೇ ಅಡ್ಡಡ್ಡ ಬಿಗಿ ಮಾಡ್ತಾ ಹೋಗಿ, ಬಿಗಿ ಎಷ್ಟು ಅಂತ ತೋರಿಸೋ ಟಾರ್ಕ್ ಡ್ರೈವರ್ ಇದ್ರೆ ಸಾಮಾನ್ಯವಾಗಿ 15ರಿಂದ 18 ಇಂಚ್-ಪೌಂಡ್, ಜೊತೆಗೆ ಬರೋ ಚೀಟಿ ನೋಡಿ. ಕೊನೆಗೆ ಪ್ರತಿ ಸ್ಕ್ರೂ ತಲೆಯಿಂದ ರಿಂಗ್ ಮೇಲಕ್ಕೆ ಕೆಂಪು ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೀರಿ. ಸ್ಕ್ರೂ ಕೂದಲೆಳೆ ತಿರುಗಿದ್ರೂ ಗೆರೆ ಮುರಿಯುತ್ತೆ. ಬೆಳಿಗ್ಗೆ ಮನೆ ಬಿಡೋ ಮುಂಚೆ ನಾನು ಈಗ ಮೊದಲು ನೋಡೋದು ಆ ಗೆರೆಗಳನ್ನ.

ಗುರಿ ಕೂರಿಸೋವಾಗ ನೇರ 100 ಗಜಕ್ಕೆ ಹೋಗ್ಬೇಡಿ, ಕಾಗದದ ಮೇಲೇ ಬೀಳಲ್ಲ, ಸುಮ್ನೆ ಗುಂಡು ದಂಡ. ಬೋಲ್ಟ್ ಹೊರಗೆ ತೆಗೆದು ರೈಫಲ್‌ನ ಮೂಟೆ ಮೇಲೆ ಅಲ್ಲಾಡದ ಹಾಗೆ ಇಟ್ಟು, ಹಿಂದಿಂದ ನಳಿಗೆಯೊಳಗೆ ನೋಡಿ, ಆ ಪುಟ್ಟ ಉರುಟಿನ ನಡುವೆ 25 ಗಜದ ಗುರಿ ಬರೋ ಹಾಗೆ ಮಾಡಿ, ಆಮೇಲೆ ರೈಫಲ್ ಅಲ್ಲಾಡಿಸದೆ ಸ್ಕೋಪಿನ ಗೆರೆನ ಅದೇ ಗುರಿಗೆ ತಿರುಗಿಸಿ. ಸ್ಕೋಪಿನ ತಿರುಗಣೆ ತಿರುಗಿಸಿದ್ರೆ ಕ್ಲಿಕ್ ಕ್ಲಿಕ್ ಅನ್ನುತ್ತೆ, 25 ಗಜದಲ್ಲಿ ಒಂದಿಂಚು ಸರಿಸೋಕೆ 16 ಕ್ಲಿಕ್, 100 ಗಜದಲ್ಲಿ 4 ಕ್ಲಿಕ್. .308 ಆದ್ರೆ 100 ಗಜದಲ್ಲಿ ಒಂದೂವರೆ ಎರಡಿಂಚು ಮೇಲೆ ಬೀಳೋ ಹಾಗೆ ಬಿಡಿ, 200 ಗಜದ ಹತ್ರ ಸರಿಯಾಗಿ ನಡುವಿಗೆ ಬರುತ್ತೆ. ಮೂರು ಗುಂಡಿಗೊಮ್ಮೆ ನಳಿಗೆ ತಣ್ಣಗಾಗ್ಲಿ. ಆಮೇಲೆ ಬೆಂಚ್ ಬಿಟ್ಟು ನೆಲದ ಮೇಲೆ ಕೂತು, ಮರಕ್ಕೆ ಒರಗಿ, ಊಟದ ಪೇಪರ್ ಪ್ಲೇಟಿಗೆ ಹೊಡೀರಿ, ಎಂಟಿಂಚಿನ ಪ್ಲೇಟು. ಎಷ್ಟು ದೂರದ ತನಕ ಪ್ರತಿ ಗುಂಡೂ ಪ್ಲೇಟಿಗೆ ಬೀಳುತ್ತೋ ಅಷ್ಟೇ ನಿಮ್ಮ ದೂರ, ಅದರಾಚೆ ಎಷ್ಟು ದೊಡ್ಡ ಕೊಂಬಿನ ಜಿಂಕೆ ನಿಂತಿದ್ರೂ ಹೊಡೀಬೇಡಿ.

ನಿಮ್ಮ 700ನ್ನ ನಾನಾದ್ರೆ ಹೀಗೆ ಹಂಚ್ತೀನಿ. ರೈಫಲ್‌ಗೆ 400, ಸ್ಕೋಪ್‌ಗೆ 150ರಿಂದ 180, ರಿಂಗ್ 30. ಉಳಿದಿದ್ದರಲ್ಲಿ ಮೂರು ಡಬ್ಬಿ ಗುಂಡು, ಡಬ್ಬಿಗೆ 20 ಇರುತ್ತೆ, ರೆಮಿಂಗ್ಟನ್ ಕೋರ್-ಲಾಕ್ಟ್ ಅಥವಾ ಫೆಡರಲ್ ಪವರ್-ಶಾಕ್ ಥರದ ಸಾದಾ ಗುಂಡೇ ಸಾಕು, ಆದ್ರೆ ಮೂರೂ ಒಂದೇ ಬ್ರ್ಯಾಂಡ್, ಒಂದೇ ತೂಕದ್ದಿರ್ಲಿ, ಗುಂಡು ಬದಲಾದ್ರೆ ಗುರಿನೂ ಬದಲಾಗುತ್ತೆ. ಹತ್ತು ಹದಿನೈದು ಡಾಲರ್‌ಗೆ ಕಿತ್ತಳೆ ವೆಸ್ಟ್ ಸಿಗುತ್ತೆ, ಸೊಂಟದ ಮೇಲೆ ಕಾಣೋ ಬಟ್ಟೆಯಲ್ಲಿ ಕಮ್ಮಿ ಅಂದ್ರೂ ಅರ್ಧ ಭಾಗ ಹೊಳೆಯೋ ಕಿತ್ತಳೆ ಅಥವಾ ಹೊಳೆಯೋ ಗುಲಾಬಿ ಬಣ್ಣ ಇರ್ಲೇಬೇಕು ಇಲ್ಲಿ. ಇಲ್ಲಿನ ನಿವಾಸಿಗಳಿಗೆ ಗನ್ ಡೀರ್ ಲೈಸೆನ್ಸ್ 24 ಡಾಲರ್. ಟ್ಯಾಕ್ಸ್ ಸೇರಿದ್ರೆ 700 ದಾಟಬಹುದು, ಆಗ ರೈಫಲ್‌ನಲ್ಲಿ ಕಡಿಮೆ ಮಾಡಿ, ಗುಂಡಲ್ಲಿ ಮಾಡ್ಬೇಡಿ. ಮರದ ಮೇಲಿನ ಸ್ಟ್ಯಾಂಡ್, ಅಂದ್ರೆ ನಮ್ಮ ಕಡೆ ಮರಸು ಅಂತೀವಲ್ಲ, ಅದನ್ನ ಈ ವರ್ಷ ಕೊಳ್ಳೋದು ಬೇಡ, ಗೆಳೆಯರದ್ದು ಇದ್ದೇ ಇರುತ್ತೆ, ಇಲ್ಲಾಂದ್ರೆ ನೆಲದಲ್ಲಿ ಮರಕ್ಕೆ ಒರಗಿ ಕೂರಿ. ಮೇಲೆ ಹತ್ತೋದಾದ್ರೆ ಬರೀ ಸೊಂಟದ ಬೆಲ್ಟ್ ಅಲ್ಲ, ಭುಜ, ಎದೆ, ತೊಡೆ ಎಲ್ಲಾ ಹಿಡಿಯೋ ಫುಲ್-ಬಾಡಿ ಹಾರ್ನೆಸ್ ಕಟ್ಕೊಂಡು, ಅದನ್ನ ಮರಕ್ಕೆ ಸಿಗಿಸ್ಕೊಂಡೇ ಹತ್ತಿ, ರೈಫಲ್ ಖಾಲಿ ಮಾಡಿ ಹಗ್ಗ ಕಟ್ಟಿ ಆಮೇಲೆ ಮೇಲಕ್ಕೆ ಎಳ್ಕೊಳ್ಳಿ.

ಜಿಂಕೆ ಸಿಕ್ರೆ ಮಾರನೇ ದಿನ ಸಂಜೆ 5ರೊಳಗೆ ಡಿಎನ್‌ಆರ್‌ಗೆ (ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ) ರಿಜಿಸ್ಟರ್ ಮಾಡ್ಬೇಕು, ಫೋನಲ್ಲೇ ಆಗುತ್ತೆ. ನಮ್ಮ ದಕ್ಷಿಣದ ಜಿಲ್ಲೆಗಳಲ್ಲಿ 2002ರಿಂದ ಸಿಡಬ್ಲ್ಯೂಡಿ ಅನ್ನೋ ಜಿಂಕೆ ಕಾಯಿಲೆ ಇದೆ, ತಲೆನ ಡಿಎನ್‌ಆರ್ ಪೆಟ್ಟಿಗೆಗೆ ಹಾಕಿದ್ರೆ ಪುಕ್ಕಟೆ ಪರೀಕ್ಷೆ ಮಾಡಿ ಹೇಳ್ತಾರೆ, ಫಲಿತಾಂಶ ಬರೋ ತನಕ ಮಾಂಸ ಫ್ರೀಜರಲ್ಲಿ ಬೇರೆ ಇಡಿ. ಬಂದ ಮೇಲೆ ನಮ್ಮ ಕೊಡಗಿನ ಹುಳಿ ಕಾಚಂಪುಳಿ ಹಾಕಿ ಮಾಂಸದಡುಗೆ ಮಾಡೋ ಕ್ರಮ ಬೇಕಿದ್ರೆ ಕೇಳಿ, ಬರೆದು ಕಳಿಸ್ತೀನಿ. ಈಗ ಆಗಸ್ಟ್, ಈ ವಾರವೇ ಡಿಎನ್‌ಆರ್ ಸೈಟಲ್ಲಿ ಹಂಟರ್ ಎಜುಕೇಶನ್ ಕೋರ್ಸಿಗೆ ಹೆಸರು ಕೊಡಿ, ಅದು ಮುಗಿದು ಲೈಸೆನ್ಸ್ ಕೈಗೆ ಬರೋ ತನಕ ಅಂಗಡಿ ಕಡೆ ಹೋಗ್ಬೇಡಿ.