ನಿಮ್ಮ ‘ಪರ್ಲಾನೊ’ ಬಗ್ಗೆ ಒಂದಷ್ಟು ತಕರಾರು

ನಮಸ್ಕಾರ. ‘ಇಟಾಲಿಯನ್ ಕ್ರಿಯಾಪದ ಬಿಡಿಸಿ ಓದೋಣ’ ಲೇಖನ ತಲುಪಿತು. ಬರವಣಿಗೆ ಸಲೀಸಾಗಿದೆ, ಕೋಷ್ಟಕಗಳು ಅಚ್ಚುಕಟ್ಟಾಗಿವೆ. ಆದರೆ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂತು.

ನಿಮ್ಮ ಸಾಲು: “ಪರ್ಲಾರೆ, ಅಂದರೆ ಮಾತಾಡುವುದು. ಉಚ್ಚಾರದ ತುಂಡುಗಳು: ಪರ್ಲ್-ಆರೆ.” ಅಲ್ಲ. ಅದು ಧಾತು ಮತ್ತು ಪ್ರತ್ಯಯ. ಬಾಯಿ ಒಡೆಯುವುದು ಪರ್-ಲಾ-ರೆ ಅಂತ. ಇಟಾಲಿಯನ್ ಪುಸ್ತಕದಲ್ಲಿ ಸಾಲಿನ ಕೊನೆಗೆ ಪದ ಮುರಿಯುವುದೂ ಹಾಗೇ. ಎರಡಕ್ಕೂ ಒಂದೇ ಅಡ್ಡಗೆರೆ ಎಳೆದರೆ ಓದುವವರು ಏನಂತ ತಿಳಿಯಬೇಕು? ‘ಪರ್ಲವಾಮೊ’ ತಗೊಳ್ಳಿ, ‘ನಾವು ಮಾತಾಡುತ್ತಿದ್ದೆವು’. ವ್ಯಾಕರಣಕ್ಕೆ ಅದು ಪರ್ಲ್, ಅ, ವ, ಮೊ. ಬಾಯಿಗೆ ಪರ್-ಲ-ವಾ-ಮೊ. ಧಾತುವಿನ ಕೊನೆಯ ಲಕಾರ ಮುಂದಿನ ತುಂಡಿಗೆ ಜಾರಿಕೊಂಡಿದೆ, ನೋಡಿದಿರಾ?

ಆಮೇಲೆ ‘ಪ-ರ್ಲೊ’, ‘ಮೆ-ತ್ತೊ’. ಇಲ್ಲಿ ನೀವು ಸುಮ್ನೆ ಕನ್ನಡ ಅಕ್ಷರ ಎಣಿಸಿದ್ದೀರಿ. ಅದು ಪರ್-ಲೊ, ಮೆತ್-ತೊ. ‘ಕ-ಪೀ-ಸ್ಕೊ’ ಮಾತ್ರ ಸರಿಯಾಗಿದೆ, ಅದೂ ಅದೃಷ್ಟಕ್ಕೆ: ಅವರ ನಿಯಮದಲ್ಲಿ ಸಕಾರ ಮುಂದಿನ ವ್ಯಂಜನದ ಜೊತೆಗೇ ಹೋಗುತ್ತದೆ.

ನಾನು ಕರಡು ತಿದ್ದಲು ಕೂತ ಹೊಸದರಲ್ಲಿ ಅಲ್ಲಿದ್ದ ಹಿರಿಯರೊಬ್ಬರು ಬಿಡುವಾದಾಗೆಲ್ಲ ಷಟ್ಪದಿಗೆ ಪ್ರಸ್ತಾರ, ಅಂದರೆ ಗುರು-ಲಘು ಗುರುತು, ಹಾಕಿಸುತ್ತಿದ್ದರು. ಒತ್ತಕ್ಷರದ ಹಿಂದಿನದು ಗುರು ಅಂತ ಬಾಯಿಪಾಠ ಒಪ್ಪಿಸಿದರೆ ಸಾಲದು, ಯಾಕೆ ಗುರು ಹೇಳು ಅನ್ನುತ್ತಿದ್ದರು. ಗಟ್ಟಿಯಾಗಿ ಓದಿದರೆ ಗೊತ್ತಾಗುತ್ತಿತ್ತು: ಒತ್ತಕ್ಷರದ ಮೊದಲ ವ್ಯಂಜನ ಹಿಂದಿನ ಸ್ವರಕ್ಕೆ ಆತುಕೊಳ್ಳುತ್ತದೆ. ‘ಮೆತ್ತೊ’ದಲ್ಲೂ ಆಗುವುದು ಅದೇ ಅಲ್ವಾ? ಕಣ್ಣು ಮುಚ್ಚಿ ಹೇಳಿ ನೋಡಿ.

ಇನ್ನು ‘ಅವರು ಮಾತಾಡುತ್ತಾರೆ’ ಅನ್ನೋದಕ್ಕೆ ‘ಪರ್ಲಾನೊ’ ಅಂತ ಉದ್ದಕ್ಕೂ ದೀರ್ಘ ಎಳೆದಿದ್ದೀರಿ. ಇದು ನನ್ನನ್ನು ಜಾಸ್ತಿ ಕಾಡಿತು. ಒತ್ತು, ಅಂದರೆ ಉಚ್ಚಾರದ ಬಲ, ಬೀಳುವುದು ‘ಪರ್’ ಮೇಲೆ: ಪರ್ಲನೊ. ‘ಆರೆ’ ಅಂತ ಕೊನೆಯಾಗುವ ಕ್ರಿಯಾಪದಗಳ ವರ್ತಮಾನ ಕಾಲದಲ್ಲಿ ನಾನು, ನೀನು, ಅವನು, ಅವರು ರೂಪಗಳಿಗೆ ಒತ್ತು ಸಾಮಾನ್ಯವಾಗಿ ಧಾತುವಿನಲ್ಲೇ ಉಳಿಯುತ್ತದೆ. ನಾವು, ನೀವು ಬಂದಾಗ ಮಾತ್ರ ಪ್ರತ್ಯಯಕ್ಕೆ ದಾಟುತ್ತದೆ: ಪರ್ಲ್ಯಾಮೊ, ಪರ್ಲಾತೆ. ‘ಅವರು ಫೋನ್ ಮಾಡುತ್ತಾರೆ’ ಅನ್ನೋದು ತೆ-ಲೇ-ಫೊ-ನ-ನೊ, ಒತ್ತು ಕೊನೆಯಿಂದ ನಾಲ್ಕನೆಯದಕ್ಕೆ. ಇದರಲ್ಲಿ ಎಡವಿದರೆ ಅರ್ಥವೂ ಕೈಕೊಡುತ್ತದೆ. ಕಾಪಿತನೊ ಅಂದರೆ ‘ಸಂಭವಿಸುತ್ತವೆ’, ಕಪಿತಾನೊ ಅಂದರೆ ನಾಯಕ. ಎರಡರ ಕಾಗುಣಿತವೂ ಒಂದೇ! ಕೊನೆಯ ಸ್ವರದ ಮೇಲೆ ಗುರುತು ಹಾಕಿ ಕಪಿತನೋ ಅಂದರೆ ‘ನಾಯಕತ್ವ ವಹಿಸಿದ’.

ನಿಮ್ಮ ಕೋಷ್ಟಕಗಳಲ್ಲಿ ಮುಕ್ಕಾಲು ಪಾಲು ತೆಗೆದುಹಾಕಿ, ಆ ಜಾಗದಲ್ಲಿ ಸ್ತುದ್ಯಾರೆ, ಇನ್ವ್ಯಾರೆ ಎರಡನ್ನೂ ಅಕ್ಕಪಕ್ಕ ಇಡಿ. ‘ನೀನು ಓದುತ್ತೀಯ’ ಅನ್ನೋದು ‘ಸ್ತೂದಿ’, ಕೊನೆಗೆ ಒಂದೇ ಇಕಾರ. ‘ನೀನು ಕಳಿಸುತ್ತೀಯ’ ಅನ್ನೋದು ‘ಇನ್ವೀಇ’, ಎರಡು ಇಕಾರ, ಯಾಕಂದ್ರೆ ಅಲ್ಲಿ ಒತ್ತು ಬೀಳುವುದೇ ಮೊದಲ ಇಕಾರದ ಮೇಲೆ. ಇದನ್ನು ವಿವರಿಸಿ ಬರೆದು ಕಳಿಸಿ, ಮತ್ತೆ ಓದುತ್ತೇನೆ.