ಎಲ್ಲ ರೆಪೊಗಳ ಸ್ಥಿತಿ ಒಂದೇ ಕಡೆ ತಿಳಿಯುವುದು ಹೇಗೆ?

ಪ್ರಶ್ನೆ: ನನ್ನ ಬಳಿ 26 ರೆಪೊಗಳಿವೆ (ರೆಪೊ ಎಂದರೆ ಒಂದು ಪ್ರಾಜೆಕ್ಟಿನ ಫೈಲುಗಳನ್ನೂ ಅವುಗಳ ಬದಲಾವಣೆಗಳ ಇತಿಹಾಸವನ್ನೂ ಇಡುವ ಸಂಗ್ರಹ; ಗಿಟ್, ಸಬ್‌ವರ್ಶನ್ ಆ ಇತಿಹಾಸವನ್ನು ನೋಡಿಕೊಳ್ಳುವ ತಂತ್ರಾಂಶಗಳು). ಹೆಚ್ಚಿನವು ಗಿಟ್‌ನವು, ಎರಡು ಹಳೆಯ ಸಬ್‌ವರ್ಶನ್‌ನವು. ಎರಡು ಕಂಪ್ಯೂಟರುಗಳಲ್ಲಿ ಕೆಲಸ ಮಾಡುವುದರಿಂದ, ಒಂದರಲ್ಲಿ ಕಮಿಟ್ ಮಾಡಿ (ಬದಲಾವಣೆಯನ್ನು ದಾಖಲಿಸಿ) ಪುಶ್ ಮಾಡಲು (ಸರ್ವರಿಗೆ ಕಳಿಸಲು) ಮರೆತದ್ದು ಇನ್ನೊಂದರ ಮುಂದೆ ಕುಳಿತಾಗಲೇ ನೆನಪಾಗುತ್ತದೆ. ಎಲ್ಲ ಫೋಲ್ಡರುಗಳಿಗೂ ಹೋಗಿ ಪುಲ್ ಮಾಡುವ (ಸರ್ವರಿನ ಹೊಸ ಬದಲಾವಣೆಗಳನ್ನು ತರುವ) ಶೆಲ್ ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ. ಆದರೆ ನಡುವೆ ಒಂದು ರೆಪೊ ಕೈಕೊಟ್ಟರೆ ಅದರ ಎರರ್ ಸಂದೇಶ ಉಳಿದವುಗಳ ಸಾಲುಗಳ ನಡುವೆ ಕಳೆದುಹೋಗುತ್ತದೆ. ಇದಕ್ಕೆಂದೇ ಇರುವ ಟೂಲ್ ಬಳಸಬೇಕೆ, ಅಥವಾ ಎಲ್ಲವನ್ನೂ ಸಬ್‌ಮಾಡ್ಯೂಲ್ ಮಾಡಿ ಒಂದೇ ರೆಪೊದೊಳಗೆ ಇಡಬೇಕೆ?

ಉತ್ತರ: ಸಬ್‌ಮಾಡ್ಯೂಲ್ ಬೇಡ. ಅದು ಒಳಗಿನ ರೆಪೊದ ಇಂಥದೇ ಕಮಿಟ್ ಬೇಕು ಎಂದು ಹೊರಗಿನ ರೆಪೊದಲ್ಲಿ ಗುರುತು ಹಾಕಿಡುವ ವ್ಯವಸ್ಥೆಯಾದ್ದರಿಂದ, ಒಂದರ ಕೋಡ್ ಇನ್ನೊಂದನ್ನು ಅವಲಂಬಿಸಿರುವಲ್ಲಿ ಮಾತ್ರ ಅದರ ಶ್ರಮ ಸಾರ್ಥಕ. ಆಂಡ್ರಾಯ್ಡ್‌ಗಾಗಿ ಗೂಗಲ್ ರೂಪಿಸಿದ ‘ರೆಪೊ’ ಎಂಬ ಟೂಲ್ ಕೂಡ, ನೂರಾರು ರೆಪೊಗಳು ಸೇರಿ ಒಂದೇ ಉತ್ಪನ್ನವಾಗುವ ಕಡೆಗಾಗಿ ಇರುವಂಥದ್ದು. ನಿಮ್ಮವು ಒಂದಕ್ಕೊಂದು ಸಂಬಂಧವಿಲ್ಲದ ರೆಪೊಗಳು. ಅವುಗಳ ಒಡೆಯರು ನೀವೆಂಬುದಷ್ಟೇ ಅವುಗಳ ನಂಟು. ಇಂಥ ಸಂಗ್ರಹಕ್ಕೆ ಜೋಯಿ ಹೆಸ್ ಬರೆದ ‘ಮೈರೆಪೋಸ್’ ಒಪ್ಪುತ್ತದೆ. ಟರ್ಮಿನಲ್‌ನಲ್ಲಿ ಅದರ ಹೆಸರು ‘ಎಂಆರ್’. ಗಿಟ್ ಮತ್ತು ಸಬ್‌ವರ್ಶನ್ ಎರಡನ್ನೂ ಅದು ಬಲ್ಲದು.

ಪ್ರತಿ ರೆಪೊದ ಫೋಲ್ಡರಿಗೆ ಹೋಗಿ ‘ಎಂಆರ್ ರಿಜಿಸ್ಟರ್’ ಎಂದರೆ, ಆ ಫೋಲ್ಡರಿನ ಹೆಸರೂ ಅದನ್ನು ಮತ್ತೆ ಕ್ಲೋನ್ ಮಾಡಿಕೊಳ್ಳುವ (ಪೂರ್ತಿ ಪ್ರತಿ ಇಳಿಸಿಕೊಳ್ಳುವ) ಕಮಾಂಡೂ ನಿಮ್ಮ ಹೋಮ್ ಫೋಲ್ಡರಿನ ‘ಡಾಟ್ ಎಂಆರ್‌ಕಾನ್ಫಿಗ್’ ಫೈಲಿಗೆ ಸೇರುತ್ತವೆ. ಈ ಫೈಲನ್ನು ಎರಡನೆಯ ಕಂಪ್ಯೂಟರಿಗೆ ಒಯ್ದು ‘ಎಂಆರ್ ಚೆಕ್‌ಔಟ್’ ಕೊಟ್ಟರೆ ಅಲ್ಲಿ ಇಲ್ಲದ ರೆಪೊಗಳೆಲ್ಲ ತಾವಾಗಿಯೇ ಬಂದು ಕೂರುತ್ತವೆ. ಗಿಟ್ ರೆಪೊವೊಂದನ್ನು ನೋಂದಾಯಿಸುವಾಗ ವಿಳಾಸ ತಿಳಿಯಲಿಲ್ಲ ಎಂದು ಎಂಆರ್ ದೂರಿದರೆ ಅದನ್ನು ಉಪೇಕ್ಷಿಸಬೇಡಿ: ಆ ರೆಪೊಗೆ ‘ಆರಿಜಿನ್’ (ಸರ್ವರಿನಲ್ಲಿರುವ ಮೂಲದ ವಿಳಾಸ) ಇಲ್ಲವೆಂದು, ಅಂದರೆ ಅದರ ಪ್ರತಿ ಬಹುಶಃ ಆ ಒಂದು ಡಿಸ್ಕಿನಲ್ಲಿ ಮಾತ್ರ ಇದೆಯೆಂದು ಅರ್ಥ.

ಹೊಸಬರು ಮೊದಲು ‘ಎಂಆರ್ ಅಪ್‌ಡೇಟ್’ ಕಡೆಗೆ ಕೈಹಾಕುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಟೂಲಿನ ನಿಜವಾದ ಲಾಭ ‘ಎಂಆರ್ ಸ್ಟೇಟಸ್’ನಲ್ಲಿದೆ, ಏಕೆಂದರೆ ನಿಮಗೆ ಕೊರತೆಯಾಗಿರುವುದು ವೇಗವಲ್ಲ, ಎಲ್ಲೆಲ್ಲಿ ಕೆಲಸ ಅರ್ಧಕ್ಕೆ ನಿಂತಿದೆ ಎಂಬ ತಿಳಿವಳಿಕೆ. ಕಮಿಟ್ ಆಗದ ಬದಲಾವಣೆಗಳು ಅದರಲ್ಲಿ ಕಾಣುತ್ತವೆ. ಪುಶ್ ಆಗದ ಕಮಿಟ್‌ಗಳನ್ನೂ ಖಚಿತಪಡಿಸಿಕೊಳ್ಳಲು, ಪ್ರತಿ ರೆಪೊದಲ್ಲೂ ಒಂದೇ ಕಮಾಂಡನ್ನು ನಡೆಸುವ ‘ಎಂಆರ್ ರನ್’ ನಂತರ ‘ಗಿಟ್ ಲಾಗ್’ ಬರೆದು, ಬ್ರಾಂಚಸ್, ನಾಟ್, ರಿಮೋಟ್ಸ್ ಎಂಬ ಮೂರು ಆಯ್ಕೆಗಳನ್ನು ಇದೇ ಅನುಕ್ರಮದಲ್ಲಿ, ಪ್ರತಿಯೊಂದರ ಆರಂಭದಲ್ಲಿ ಎರಡೆರಡು ಅಡ್ಡಗೆರೆಗಳೊಂದಿಗೆ ಕೊಡಿ; ಯಾವ ಸರ್ವರಿಗೂ ತಲುಪದ ಕಮಿಟ್‌ಗಳಷ್ಟೇ ಹೊರಬೀಳುತ್ತವೆ. ಸಬ್‌ವರ್ಶನ್‌ನಲ್ಲಿ ಕಮಿಟ್ ನೇರವಾಗಿ ಸರ್ವರಿಗೇ ಹೋಗುವುದರಿಂದ ಆ ಎರಡು ರೆಪೊಗಳಿಗೆ ಈ ತಪಾಸಣೆ ಬೇಕಿಲ್ಲ. ಎಂಆರ್ ತಾನು ನಿಂತ ಫೋಲ್ಡರ್ ಮತ್ತು ಅದರ ಒಳಗಿನ ರೆಪೊಗಳ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಗಿಟ್ ರೆಪೊಗಳನ್ನು ಬೇರೊಂದು ಫೋಲ್ಡರಿನಲ್ಲಿ ಇಟ್ಟುಕೊಂಡರೆ ಅಲ್ಲಿಂದಲೇ ಇದನ್ನು ನಡೆಸಬಹುದು.

ಅಪ್‌ಡೇಟ್ ಮಾಡುವಾಗ ಒಂದು ಎಚ್ಚರ ಅಗತ್ಯ. ಅದು ಗಿಟ್ ರೆಪೊಗಳಲ್ಲಿ ‘ಗಿಟ್ ಪುಲ್’ ನಡೆಸುತ್ತದೆ. ನಿಮ್ಮ ಗಿಟ್ ಮರ್ಜ್ ಮಾಡುವಂತೆ ಹೊಂದಿಸಿದ್ದರೆ, ನೀವು ಗಮನಿಸದೆಯೇ ಹತ್ತಾರು ರೆಪೊಗಳಲ್ಲಿ ಬೇಡದ ಮರ್ಜ್ ಕಮಿಟ್‌ಗಳು (ಎರಡು ಕಡೆಯ ಕೆಲಸವನ್ನು ಬೆಸೆಯುವ ದಾಖಲೆಗಳು) ಹುಟ್ಟಿಕೊಳ್ಳಬಹುದು. ಎಂಆರ್‌ಕಾನ್ಫಿಗ್‌ನ ‘ಡಿಫಾಲ್ಟ್’ ವಿಭಾಗದಲ್ಲಿ ಗಿಟ್ ಅಪ್‌ಡೇಟ್ ಎಂದರೆ ‘ಫಾಸ್ಟ್ ಫಾರ್ವರ್ಡ್ ಮಾತ್ರ’ (ಬೆಸೆಯುವ ಅಗತ್ಯವಿಲ್ಲದಿದ್ದರೆ ಮಾತ್ರ ಮುಂದುವರಿ) ಎಂಬ ಆಯ್ಕೆಯುಳ್ಳ ಪುಲ್ ಎಂದು ಬರೆದಿಟ್ಟರೆ, ಎರಡೂ ಕಡೆ ಕೆಲಸ ನಡೆದಿರುವ ರೆಪೊ ಮುಂದುವರಿಯದೆ ನಿಮಗಾಗಿ ಕಾಯುತ್ತದೆ. ಕೊನೆಯ ಸಾಲಿನಲ್ಲಿ ಎಷ್ಟು ‘ಓಕೆ’, ಎಷ್ಟು ‘ಫೇಲ್ಡ್’ ಎಂಬ ಲೆಕ್ಕ ಬರುವುದರಿಂದ ನಿಮ್ಮ ಸ್ಕ್ರಿಪ್ಟಿನ ಆ ತೊಂದರೆ ಇಲ್ಲಿಲ್ಲ. ‘ಜೆ’ ಆಯ್ಕೆಯಿಂದ ಹಲವನ್ನು ಏಕಕಾಲಕ್ಕೆ ನಡೆಸಬಹುದು. 3ರಿಂದ 5 ಸಾಕು. 10 ಮೀರಿದರೆ ಎಸ್‌ಎಸ್‌ಎಚ್ (ಸರ್ವರಿನೊಂದಿಗಿನ ಸುರಕ್ಷಿತ ಕೊಂಡಿ) ಸಂಪರ್ಕದ ಮಿತಿಗೆ ತಗುಲುವ ಸಂಭವವಿದೆ.

ಪ್ರಶ್ನೆ: ಸ್ನೇಹಿತರೊಬ್ಬರ ಎಂಆರ್‌ಕಾನ್ಫಿಗ್ ಫೈಲನ್ನು ನನ್ನ ಪ್ರಾಜೆಕ್ಟ್ ಫೋಲ್ಡರಿನಲ್ಲಿ ಇಟ್ಟರೆ, ಅದು ನಂಬಿಕೆಗೆ ಅರ್ಹವಲ್ಲ ಎಂದು ಎಂಆರ್ ನಿರಾಕರಿಸುತ್ತದೆ. ಏಕೆ?

ಉತ್ತರ: ಆ ಫೈಲಿನ ಸಾಲುಗಳು ಬರಿಯ ಮಾಹಿತಿಯಲ್ಲ, ಶೆಲ್ ಕಮಾಂಡುಗಳು, ‘ಅಪ್‌ಡೇಟ್’ ಎಂಬ ಹೆಸರಿನಡಿ ಫೈಲುಗಳನ್ನು ಅಳಿಸುವ ಕಮಾಂಡನ್ನೂ ಬರೆದಿಡಬಹುದು. ಫೈಲನ್ನು ತೆರೆದು ಪೂರ್ತಿ ಓದಿ, ಅರ್ಥವಾದ ಮೇಲೆ ಅದರ ಪೂರ್ಣ ವಿಳಾಸವನ್ನು (ಪಾತ್) ಹೋಮ್ ಫೋಲ್ಡರಿನ ‘ಡಾಟ್ ಎಂಆರ್‌ಟ್ರಸ್ಟ್’ ಫೈಲಿನಲ್ಲಿ ಒಂದು ಸಾಲಾಗಿ ಬರೆಯಿರಿ. ಎಲ್ಲವನ್ನೂ ನಂಬು ಎನ್ನುವ ‘ಟ್ರಸ್ಟ್ ಆಲ್’ ಆಯ್ಕೆಯೂ ಇದೆ. ಸ್ನೇಹಿತರು ಎಷ್ಟೇ ಒಳ್ಳೆಯವರಾದರೂ ಅದನ್ನು ಬಳಸುವಂತೆ ನಾನು ಹೇಳಲಾರೆ.